ಬಾಗಲಕೋಟೆ ಜಿಲ್ಲೆಯ ಪದವಿ ಶಿಕ್ಷಣದಲ್ಲಿ ವಿಷಯ ಆಯ್ಕೆ ಮತ್ತು ತರಗತಿ ವೇಳಾಪಟ್ಟಿ

ಪದವಿ ತರಗತಿಗೆ ಸೇರುವ ವಿದ್ಯಾರ್ಥಿಯು ತಾನು ಅಭ್ಯಸಿಸಬೇಕಾದ ಭಾಷೆ, ಪ್ರಧಾನ ವಿಷಯ ಹಾಗೂ ಐಚ್ಛಿಕ ಪತ್ರಿಕೆಗಳನ್ನು ಗೊತ್ತುಪಡಿಸಿಕೊಳ್ಳುವ ಕ್ರಮವನ್ನು ವಿಷಯ ಆಯ್ಕೆ ಎನ್ನುತ್ತಾರೆ. ಆ ಪತ್ರಿಕೆಗಳ ಬೋಧನೆಯನ್ನು ವಾರದ ದಿನ ಮತ್ತು ತಾಸುಗಳಿಗೆ ಹಂಚುವ ಪಟ್ಟಿಯೇ ತರಗತಿ ವೇಳಾಪಟ್ಟಿ. ಇವೆರಡೂ ಬೇರೆ ಬೇರೆ ಸಂಗತಿಗಳಂತೆ ಕಂಡರೂ ಪರಸ್ಪರ ಅವಲಂಬಿಗಳು. ಪಠ್ಯಕ್ರಮವು ಕಾಗದದ ಮೇಲೆ ಎಷ್ಟು ಆಯ್ಕೆಗಳನ್ನು ನೀಡಿದರೂ, ಒಂದೇ ತಾಸಿನಲ್ಲಿ ನಡೆಯುವ ಎರಡು ತರಗತಿಗಳನ್ನು ಒಬ್ಬ ವಿದ್ಯಾರ್ಥಿ ಆಯ್ದುಕೊಳ್ಳಲಾರ. ಆದಕಾರಣ ವಿದ್ಯಾರ್ಥಿಗೆ ವಾಸ್ತವವಾಗಿ ದೊರೆಯುವ ಆಯ್ಕೆಗಳನ್ನು ವಿಶ್ವವಿದ್ಯಾಲಯದ ನಿಯಮಾವಳಿಯಷ್ಟೇ ಕಾಲೇಜಿನ ವೇಳಾಪಟ್ಟಿಯೂ ನಿರ್ಧರಿಸುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲಿನಂತಹ ಪಟ್ಟಣಗಳಲ್ಲಿ ಬೋಧಕರ ಸಂಖ್ಯೆ, ಕೊಠಡಿಗಳ ಲಭ್ಯತೆ ಹಾಗೂ ಬಸ್ಸಿನ ವೇಳೆಗಳು ಈ ನಿರ್ಧಾರದಲ್ಲಿ ಮುಖ್ಯ ಪಾತ್ರ ವಹಿಸುತ್ತವೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಗೊಂಡಿತು. ಈ ಪ್ರದೇಶವು ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿನ ಉನ್ನತ ಶಿಕ್ಷಣವು ಮೊದಲಿಗೆ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಧಾರವಾಡವು ಅದರ ಕೇಂದ್ರವಾಯಿತು. ಸುಮಾರು ಆರು ದಶಕಗಳ ಕಾಲ ಈ ಭಾಗದ ಪದವೀಧರರು ಧಾರವಾಡದ ಪದವಿಪತ್ರವನ್ನೇ ಪಡೆದರು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾದಾಗ ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. 2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. 2025ರ ಆರಂಭದಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವಂತೆ ಶಿಫಾರಸು ಮಾಡಿತು. ಬಾಗಲಕೋಟೆಯ ಹೆಸರೂ ಆ ಪಟ್ಟಿಯಲ್ಲಿತ್ತು.

ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಅನುದಾನಿತ ಕಾಲೇಜುಗಳು ಹಾಗೂ ಅನುದಾನರಹಿತ ಕಾಲೇಜುಗಳು ಸೇರಿವೆ. ಬಾಗಲಕೋಟೆಯಲ್ಲಿ 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಂಸ್ಥೆಗಳು, ಬಾದಾಮಿಯಲ್ಲಿ ಎಸ್. ಬಿ. ಮಮದಾಪುರ ಕಾಲೇಜು, ಹುನಗುಂದದಲ್ಲಿ ವಸ್ತ್ರದ ಕಲಾ, ವಿಜ್ಞಾನ ಹಾಗೂ ಬೆಳ್ಳಿಹಾಳ ವಾಣಿಜ್ಯ ಕಾಲೇಜು ಮತ್ತು ಇಳಕಲ್ಲಿನಲ್ಲಿ ಶ್ರೀ ವಿಜಯ ಮಹಾಂತೇಶ ಕಾಲೇಜು ಬಹುಕಾಲದಿಂದ ಪದವಿ ಶಿಕ್ಷಣ ನೀಡುತ್ತಿವೆ.

ಆಯ್ಕೆ ಪದ್ಧತಿಯ ಬೆಳವಣಿಗೆ

ವಿದ್ಯಾರ್ಥಿಯು ತನಗೆ ಬೇಕಾದ ಪತ್ರಿಕೆಗಳನ್ನು ತಾನೇ ಆರಿಸಿಕೊಳ್ಳುವ ಪದ್ಧತಿಯು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಎಲಿಯಟ್ ಅವರ ಅಧ್ಯಕ್ಷತೆಯ ಕಾಲದಲ್ಲಿ, ಅಂದರೆ 1869ರಿಂದ 1909ರ ನಡುವೆ, ವ್ಯಾಪಕವಾಗಿ ಬೆಳೆಯಿತು. ಕಲಿಕೆಯನ್ನು ಕ್ರೆಡಿಟ್‌ಗಳಲ್ಲಿ ಎಣಿಸುವ ರೂಢಿಯೂ ಇದರೊಂದಿಗೆ ಬೆಳೆದು ಬಂದಿತು. ಭಾರತದ ಸಂಯೋಜಿತ ಕಾಲೇಜುಗಳಲ್ಲಿ ದೀರ್ಘಕಾಲ ಇದ್ದದ್ದು ಬೇರೆ ಮಾದರಿ. ವಿದ್ಯಾರ್ಥಿಯು ಪ್ರವೇಶದ ದಿನ ವಿಷಯಗಳ ಒಂದು ಗುಂಪನ್ನು ಆರಿಸಿಕೊಂಡರೆ, ಮುಂದಿನ ಪತ್ರಿಕೆಗಳೆಲ್ಲ ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತಿದ್ದವು. ವಾರ್ಷಿಕ ಪರೀಕ್ಷೆಗಳ ಸ್ಥಾನದಲ್ಲಿ ಸೆಮಿಸ್ಟರ್ ಪದ್ಧತಿ ಬಂದ ಮೇಲೂ ಈ ಗುಂಪು ವ್ಯವಸ್ಥೆ ಉಳಿಯಿತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪನ್ನು ಎಚ್‌ಇಪಿ ಎಂದೂ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಗುಂಪನ್ನು ಪಿಸಿಎಂ ಎಂದೂ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಗುಂಪನ್ನು ಸಿಬಿಝಡ್ ಎಂದೂ ಇಂದಿಗೂ ಕರೆಯಲಾಗುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಗಳನ್ನು ಹೊರಡಿಸಿತು. 2021ರ ಆಗಸ್ಟ್ 7ರ ಆದೇಶದ ಮೂಲಕ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು 2021–22ನೇ ಸಾಲಿನಿಂದ ಜಾರಿಗೆ ತಂದಿತು. ಇದರಂತೆ ಮೂರು ವಿಷಯಗಳ ಬದಲು ಎರಡು ಪ್ರಧಾನ ವಿಷಯಗಳು, ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಮುಕ್ತ ಐಚ್ಛಿಕ ಪತ್ರಿಕೆಗಳು, ಡಿಜಿಟಲ್ ಫ್ಲುಯೆನ್ಸಿಯಂತಹ ಕೌಶಲ ಪತ್ರಿಕೆಗಳು ಹಾಗೂ ನಾಲ್ಕನೆಯ ವರ್ಷದ ಆನರ್ಸ್ ಪದವಿಯ ಅವಕಾಶ ಬಂದವು. ಮೂರನೆಯ ವರ್ಷದಲ್ಲಿ ಎರಡು ವಿಷಯಗಳಲ್ಲಿ ಒಂದನ್ನು ಮುಖ್ಯವಾಗಿಯೂ ಇನ್ನೊಂದನ್ನು ಪೂರಕವಾಗಿಯೂ, ಇಲ್ಲವೇ ಎರಡನ್ನೂ ಮುಖ್ಯವಾಗಿಯೂ ಓದಬಹುದಾಗಿತ್ತು. ಪದವಿಯಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ್ದ ಅಂಶವು ನ್ಯಾಯಾಲಯದ ಮೆಟ್ಟಿಲೇರಿ, 2022ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಕುರಿತು ಮಧ್ಯಂತರ ಆದೇಶ ನೀಡಿತು.

2023ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ 8ರಂದು ಹೊರಬಂದ ಆದೇಶದಂತೆ 2024–25ನೇ ಸಾಲಿನಿಂದ ಮೂರು ವರ್ಷಗಳ ಪದವಿ ಮತ್ತು ಮೂರು ಪ್ರಧಾನ ವಿಷಯಗಳ ಸಂಯೋಜನೆ ಮರಳಿ ಬಂದವು. ಅದಕ್ಕೂ ಮೊದಲು ಸೇರಿದವರು ಹಳೆಯ ಕ್ರಮದಲ್ಲೇ ಮುಂದುವರಿದರು. ಇದರಿಂದ 2024–25 ಮತ್ತು 2025–26ರಲ್ಲಿ ಒಂದೇ ಕಾಲೇಜಿನ ಒಂದೇ ವೇಳಾಪಟ್ಟಿಯಲ್ಲಿ ಎರಡು ಬಗೆಯ ಪಠ್ಯಕ್ರಮಗಳಿಗೆ ಸ್ಥಳ ಒದಗಿಸಬೇಕಾಯಿತು. ಅಕ್ಕನು ಎರಡು ವಿಷಯಗಳ ಕ್ರಮದಲ್ಲಿಯೂ ಒಂದೆರಡು ವರ್ಷ ಕಿರಿಯ ತಂಗಿಯು ಮೂರು ವಿಷಯಗಳ ಕ್ರಮದಲ್ಲಿಯೂ ಓದುವ ಸಂದರ್ಭಗಳು ಉಂಟಾದವು. ಹೀಗಾಗಿ ಹಿರಿಯ ವಿದ್ಯಾರ್ಥಿಗಳ ಅನುಭವವು ಕಿರಿಯರಿಗೆ ಪೂರ್ಣವಾಗಿ ಮಾರ್ಗದರ್ಶಕವಾಗಲಿಲ್ಲ.

ಮುಖ್ಯ ಪದಗಳು

* ಕ್ರೆಡಿಟ್: ಪತ್ರಿಕೆಯೊಂದರ ಕಲಿಕೆಯ ಭಾರವನ್ನು ಅಳೆಯುವ ಮಾನ.
* ಪ್ರಧಾನ ವಿಷಯ: ಪದವಿಯುದ್ದಕ್ಕೂ ಮುಖ್ಯವಾಗಿ ಅಭ್ಯಸಿಸುವ ವಿಷಯ. ಹಳೆಯ ಬಳಕೆಯಲ್ಲಿ ಇದನ್ನೇ ಐಚ್ಛಿಕ ವಿಷಯ ಎನ್ನುತ್ತಿದ್ದರು.
* ಸಂಯೋಜನೆ: ಒಟ್ಟಿಗೆ ಆಯ್ದುಕೊಳ್ಳುವ ಪ್ರಧಾನ ವಿಷಯಗಳ ಗುಂಪು. ಆಡುಮಾತಿನಲ್ಲಿ ಕಾಂಬಿನೇಶನ್.
* ಮುಕ್ತ ಐಚ್ಛಿಕ: ವಿದ್ಯಾರ್ಥಿಯು ತನ್ನ ಪ್ರಧಾನ ವಿಷಯಗಳ ಹೊರಗಿನಿಂದ ಆರಿಸಿಕೊಳ್ಳುವ ಪತ್ರಿಕೆ.
* ಆಂತರಿಕ ಮೌಲ್ಯಮಾಪನ: ಕಿರುಪರೀಕ್ಷೆ, ನಿಯೋಜಿತ ಕಾರ್ಯ ಮೊದಲಾದವುಗಳ ಆಧಾರದಲ್ಲಿ ಕಾಲೇಜಿನಲ್ಲೇ ನೀಡುವ ಅಂಕ.
* ಸಮಾನಾಂತರ ತರಗತಿ: ಒಂದೇ ತಾಸಿನಲ್ಲಿ ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುವ ಎರಡು ಅಥವಾ ಹೆಚ್ಚು ವಿಷಯಗಳ ಬೋಧನೆ.

ಕ್ರೆಡಿಟ್ ಮತ್ತು ವಾರದ ತಾಸುಗಳು

ಸಾಮಾನ್ಯ ಲೆಕ್ಕದಲ್ಲಿ ಒಂದು ಸೆಮಿಸ್ಟರ್‌ನಲ್ಲಿ 15 ತಾಸುಗಳ ಉಪನ್ಯಾಸ ಅಥವಾ 30 ತಾಸುಗಳ ಪ್ರಾಯೋಗಿಕ ಕಾರ್ಯವು ಒಂದು ಕ್ರೆಡಿಟ್‌ಗೆ ಸಮ. ಸೆಮಿಸ್ಟರ್ 15 ವಾರಗಳದ್ದು ಎಂದಿಟ್ಟುಕೊಂಡರೆ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ತಾಸು ಪಾಠ ಅಥವಾ ಎರಡು ತಾಸು ಪ್ರಯೋಗ. ನಾಲ್ಕು ಕ್ರೆಡಿಟ್‌ಗಳ ಪಾಠ ಮತ್ತು ಎರಡು ಕ್ರೆಡಿಟ್‌ಗಳ ಪ್ರಯೋಗವಿರುವ ವಿಜ್ಞಾನ ವಿಷಯವೊಂದು ವಾರದಲ್ಲಿ ಎಂಟು ತಾಸುಗಳನ್ನು ಬೇಡುತ್ತದೆ. ಆರು ಕ್ರೆಡಿಟ್‌ಗಳ ಕಲಾ ವಿಷಯಕ್ಕೆ ಆರೇ ತಾಸುಗಳು ಸಾಕು. ಕ್ರೆಡಿಟ್ ಸಮನಾಗಿದ್ದರೂ ವಿಜ್ಞಾನ ವಿದ್ಯಾರ್ಥಿಯ ದಿನ ಉದ್ದವಾಗುವುದಕ್ಕೆ ಇದೇ ಕಾರಣ. ಭಾಷಾ ಪತ್ರಿಕೆಗಳಲ್ಲಿ ಕ್ರೆಡಿಟ್‌ಗಿಂತ ವಾರದ ತಾಸುಗಳು ಹೆಚ್ಚಿರುವುದೂ ಉಂಟು. ಆದ್ದರಿಂದ ಪತ್ರಿಕೆಯನ್ನು ಆಯ್ದುಕೊಳ್ಳುವಾಗ ಕ್ರೆಡಿಟ್ ಮತ್ತು ವಾರದ ತಾಸು ಎರಡನ್ನೂ ಗಮನಿಸಬೇಕಾಗುತ್ತದೆ.

ವೇಳಾಪಟ್ಟಿಯ ರಚನೆ

ಆಯ್ಕೆ ಮತ್ತು ವೇಳಾಪಟ್ಟಿಗಳ ನಡುವಿನ ಸಂಬಂಧವನ್ನು ಒಂದು ಮಾದರಿ ಲೆಕ್ಕದಿಂದ ತಿಳಿಯಬಹುದು. ಒಂದು ಕಲಾ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಎಂಬ ಆರು ವಿಷಯಗಳಿವೆ ಎಂದುಕೊಳ್ಳೋಣ. ಆರರಲ್ಲಿ ಮೂರನ್ನು ಆರಿಸುವ ಬಗೆಗಳು ಒಟ್ಟು 20. ಈ ಇಪ್ಪತ್ತು ಸಂಯೋಜನೆಗಳನ್ನೂ ಮುಕ್ತವಾಗಿಡಬೇಕಾದರೆ ಯಾವ ಎರಡು ವಿಷಯಗಳೂ ಒಂದೇ ತಾಸಿನಲ್ಲಿ ಬರಕೂಡದು. ಪ್ರತಿ ವಿಷಯಕ್ಕೆ ವಾರಕ್ಕೆ ಐದು ತಾಸುಗಳಂತೆ ಆರು ವಿಷಯಗಳಿಗೆ 30, ಎರಡು ಭಾಷೆಗಳಿಗೆ ನಾಲ್ಕರಂತೆ 8, ಕಡ್ಡಾಯ ಪತ್ರಿಕೆಗೆ 2, ಒಟ್ಟು 40 ತಾಸುಗಳಾಗುತ್ತವೆ. ವಾರಕ್ಕೆ ಆರು ದಿನ, ದಿನಕ್ಕೆ ಆರು ತಾಸು ಹಿಡಿದರೂ ದೊರೆಯುವುದು 36 ತಾಸುಗಳು ಮಾತ್ರ. ಅಂದರೆ ಪೂರ್ಣ ಸ್ವಾತಂತ್ರ್ಯವುಳ್ಳ ವೇಳಾಪಟ್ಟಿಯು ವಾರದಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ವಿದ್ಯಾರ್ಥಿಗೆ ತರಗತಿಗಳ ನಡುವೆ ಬಹಳಷ್ಟು ಖಾಲಿ ತಾಸುಗಳು ಉಳಿಯುತ್ತವೆ.

ಇದಕ್ಕೆ ಕಾಲೇಜುಗಳು ಕಂಡುಕೊಂಡಿರುವ ಪರಿಹಾರವೇ ಸಮಾನಾಂತರ ತರಗತಿ. ಇತಿಹಾಸದ ಜೊತೆಗೆ ಐಚ್ಛಿಕ ಕನ್ನಡ, ಅರ್ಥಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಜೊತೆಗೆ ಭೂಗೋಳಶಾಸ್ತ್ರವನ್ನು ಒಂದೇ ತಾಸಿನಲ್ಲಿ ಇಟ್ಟರೆ ಮೂರು ಸಾಲುಗಳಾಗುತ್ತವೆ. ಆಗ ಬೇಕಾಗುವುದು 15, 8 ಮತ್ತು 2, ಒಟ್ಟು 25 ತಾಸುಗಳು. ದಿನಕ್ಕೆ ನಾಲ್ಕೈದು ತರಗತಿಗಳಲ್ಲಿ ವಾರ ಮುಗಿಯುತ್ತದೆ. ಆದರೆ ಈ ಅನುಕೂಲಕ್ಕೆ ತೆರುವ ಬೆಲೆಯೂ ಇದೆ. ಪ್ರತಿ ಸಾಲಿನಿಂದ ಒಂದನ್ನೇ ಆರಿಸಬಹುದಾದ್ದರಿಂದ ಸಂಯೋಜನೆಗಳು 20ರಿಂದ 8ಕ್ಕೆ ಇಳಿಯುತ್ತವೆ. ಉಳಿದ ಹನ್ನೆರಡನ್ನು ವಿಶ್ವವಿದ್ಯಾಲಯದ ನಿಯಮವು ನಿಷೇಧಿಸಿರುವುದಿಲ್ಲ. ಆ ಕಾಲೇಜಿನ ವೇಳಾಪಟ್ಟಿಯಲ್ಲಿ ಅವುಗಳಿಗೆ ಎಡೆಯಿಲ್ಲ, ಅಷ್ಟೆ. ಯಾವ ವಿಷಯದ ಜೊತೆ ಯಾವುದನ್ನು ಸಮಾನಾಂತರವಾಗಿ ಇಡಬೇಕೆಂಬ ತೀರ್ಮಾನವು ಈ ಕಾರಣದಿಂದ ಕೇವಲ ಕಚೇರಿಯ ಕೆಲಸವಲ್ಲ. ಅದು ಶೈಕ್ಷಣಿಕ ತೀರ್ಮಾನವೂ ಹೌದು.

ವಿಜ್ಞಾನ ವಿಭಾಗದಲ್ಲಿ ರಸಾಯನಶಾಸ್ತ್ರವನ್ನು ಎಲ್ಲರಿಗೂ ಸಾಮಾನ್ಯವಾಗಿಟ್ಟು, ಭೌತಶಾಸ್ತ್ರದ ಎದುರಿಗೆ ಸಸ್ಯಶಾಸ್ತ್ರವನ್ನೂ ಗಣಿತದ ಎದುರಿಗೆ ಪ್ರಾಣಿಶಾಸ್ತ್ರವನ್ನೂ ಇಟ್ಟರೆ ಪಿಸಿಎಂ ಮತ್ತು ಸಿಬಿಝಡ್ ಗುಂಪುಗಳೆರಡೂ ಅಡಚಣೆಯಿಲ್ಲದೆ ನಡೆಯುತ್ತವೆ. ಭಾಷಾ ಪತ್ರಿಕೆಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಕನ್ನಡ, ಹಿಂದಿ, ಉರ್ದು, ಸಂಸ್ಕೃತ ಮೊದಲಾದ ಭಾಷೆಗಳಲ್ಲಿ ಕಾಲೇಜಿನಲ್ಲಿ ಲಭ್ಯವಿರುವವು ಒಂದೇ ತಾಸಿನಲ್ಲಿ ನಡೆದು, ತರಗತಿಯು ಭಾಷಾವಾರು ಚದುರಿ ಮತ್ತೆ ಮುಂದಿನ ತಾಸಿಗೆ ಕೂಡಿಕೊಳ್ಳುತ್ತದೆ.

ಮುಕ್ತ ಐಚ್ಛಿಕ ಪತ್ರಿಕೆಗಳಿಗಾಗಿ ಕಲೆ, ವಾಣಿಜ್ಯ ಮತ್ತು ವಿಜ್ಞಾನ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ಸಾಮಾನ್ಯ ತಾಸನ್ನು ಮೀಸಲಿಡಬೇಕಾಗುತ್ತದೆ. ಆ ತಾಸಿನಲ್ಲಿ ಎಷ್ಟು ಕೊಠಡಿಗಳು ಹಾಗೂ ಎಷ್ಟು ಬೋಧಕರು ಬಿಡುವಾಗಿರುತ್ತಾರೋ ಅಷ್ಟೇ ಪತ್ರಿಕೆಗಳನ್ನು ನಡೆಸಲು ಸಾಧ್ಯ. ಪಠ್ಯಕ್ರಮದ ಪಟ್ಟಿಯಲ್ಲಿ ಹತ್ತಾರು ಮುಕ್ತ ಐಚ್ಛಿಕಗಳಿದ್ದರೂ ಚಿಕ್ಕ ಕಾಲೇಜಿನ ಸೂಚನಾ ಫಲಕದಲ್ಲಿ ನಾಲ್ಕೈದೇ ಕಾಣುವುದು ಈ ಕಾರಣದಿಂದ. ತೀರ ಕಡಿಮೆ ವಿದ್ಯಾರ್ಥಿಗಳು ಆರಿಸಿದ ಪತ್ರಿಕೆಯನ್ನು ಕೈಬಿಟ್ಟು, ಅವರನ್ನು ಬೇರೆ ಪತ್ರಿಕೆಗೆ ಸೇರಿಸುವ ರೂಢಿಯೂ ಇದೆ.

ಬೋಧಕರ ಕಾರ್ಯಭಾರ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆಯ ಅವಧಿ ವಾರಕ್ಕೆ 16 ತಾಸುಗಳು. ಮೇಲಿನ ಮಾದರಿಯಲ್ಲಿ ಒಂದು ವಿಷಯಕ್ಕೆ ಮೊದಲ, ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ತಲಾ ಐದು ತಾಸುಗಳೆಂದರೆ ವಾರಕ್ಕೆ 15 ತಾಸುಗಳಾಗುತ್ತವೆ. ಇದು ಒಬ್ಬ ಬೋಧಕರ ಪೂರ್ಣ ಕಾರ್ಯಭಾರಕ್ಕೆ ಬಹುಮಟ್ಟಿಗೆ ಸಮ. ಸಣ್ಣ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಬೋಧಕರಿರುವುದು ಇದರಿಂದ ಅರ್ಥವಾಗುತ್ತದೆ. ಆ ಒಬ್ಬರು ನಿವೃತ್ತರಾದರೆ ಅಥವಾ ವರ್ಗಾವಣೆಗೊಂಡರೆ, ಬದಲಿ ವ್ಯವಸ್ಥೆ ಆಗುವವರೆಗೆ ಆ ವಿಷಯವೇ ನಿಂತಂತಾಗುತ್ತದೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಕೊರತೆಯನ್ನು ಅತಿಥಿ ಉಪನ್ಯಾಸಕರು ತುಂಬುತ್ತಾರೆ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಸೇವಾ ಭದ್ರತೆಯನ್ನು ಕೋರಿ ಅವರು 2021–22ರಲ್ಲಿಯೂ 2023ರ ಕೊನೆಯಲ್ಲಿಯೂ ತರಗತಿಗಳನ್ನು ಬಹಿಷ್ಕರಿಸಿದಾಗ ರಾಜ್ಯದ ಅನೇಕ ಕಾಲೇಜುಗಳಲ್ಲಿ ಪಾಠಗಳು ಸ್ಥಗಿತಗೊಂಡವು. ವರ್ಷದ ಆರಂಭದಲ್ಲಿ ಅತಿಥಿ ಉಪನ್ಯಾಸಕರ ನೇಮಕಾತಿ ತಡವಾದರೆ ವೇಳಾಪಟ್ಟಿಯಲ್ಲಿ ವಿಷಯದ ಹೆಸರಿದ್ದು ಬೋಧಕರ ಹೆಸರಿನ ಸ್ಥಾನ ಖಾಲಿ ಇರುತ್ತದೆ. ವಿದ್ಯಾರ್ಥಿಗಳು ವಿಷಯವನ್ನು ಆಯ್ದುಕೊಳ್ಳಬೇಕಾದದ್ದೂ ಸರಿಯಾಗಿ ಇದೇ ವಾರಗಳಲ್ಲಿ.

ಪ್ರಯಾಣ, ಪ್ರಯೋಗಾಲಯ ಮತ್ತು ಹಾಜರಾತಿ

ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ದಿನವೂ ಬಂದುಹೋಗುವವರು ಅಧಿಕ. ಅವರ ಮುಖ್ಯ ಸಾರಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು. ಸಂಸ್ಥೆಯು ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸುಗಳನ್ನು ನೀಡುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಪ್ರಯಾಣದ ವೆಚ್ಚ ಇಲ್ಲವಾದರೂ ಪ್ರಯಾಣದ ವೇಳೆಯ ತೊಡಕು ಹಾಗೆಯೇ ಉಳಿದಿದೆ. ಹಳ್ಳಿಯ ಬಸ್ಸು ದಿನಕ್ಕೆ ಕೆಲವೇ ಬಾರಿ ಬರುವಲ್ಲಿ, ಕೊನೆಯ ತಾಸಿನ ತರಗತಿಗೆ ಕುಳಿತರೆ ಬಸ್ಸು ತಪ್ಪುತ್ತದೆ. ಬಸ್ಸು ಹಿಡಿದರೆ ತರಗತಿ ತಪ್ಪುತ್ತದೆ.

ಇದರ ಪರಿಣಾಮ ಹಾಜರಾತಿಯ ಮೇಲಾಗುತ್ತದೆ. ಪರೀಕ್ಷೆಗೆ ಅರ್ಹತೆ ಪಡೆಯಲು ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಾತಿ ಬೇಕು. ವಾರಕ್ಕೆ ಐದು ತಾಸುಗಳ ಪತ್ರಿಕೆಯಲ್ಲಿ 15 ವಾರಗಳಿಗೆ 75 ತರಗತಿಗಳಾಗುತ್ತವೆ. ವಾರಕ್ಕೊಂದು ತರಗತಿ ತಪ್ಪಿದರೂ 60 ಉಳಿದು, ಹಾಜರಾತಿ ಶೇಕಡಾ 80 ಆಗುತ್ತದೆ. ಆದರೆ ವಾರಕ್ಕೆ ಮೂರು ತಾಸುಗಳ ಪತ್ರಿಕೆಯಲ್ಲಿ ಒಟ್ಟು ತರಗತಿಗಳು 45. ಅಲ್ಲಿ ವಾರಕ್ಕೊಂದು ತಪ್ಪಿದರೆ 30 ಮಾತ್ರ ಉಳಿದು, ಹಾಜರಾತಿ ಶೇಕಡಾ 67ಕ್ಕಿಂತ ಕೆಳಗೆ ಇಳಿಯುತ್ತದೆ. ಚಿಕ್ಕ ಪತ್ರಿಕೆಯೆಂದು ಹಗುರವಾಗಿ ಕಾಣುವುದೇ ಹಾಜರಾತಿಯ ದೃಷ್ಟಿಯಿಂದ ಹೆಚ್ಚು ಅಪಾಯಕರ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮುಕ್ತ ಐಚ್ಛಿಕ ಮತ್ತು ಕೌಶಲ ಪತ್ರಿಕೆಗಳು ಬಹುಪಾಲು ಈ ವರ್ಗಕ್ಕೆ ಸೇರುತ್ತವೆ.

ವಿಜ್ಞಾನ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಅವಧಿಯು ಇನ್ನೊಂದು ಪ್ರಶ್ನೆ. ಪ್ರಯೋಗಾಲಯದ ಮೇಜುಗಳು ಸೀಮಿತವಾದ್ದರಿಂದ ತರಗತಿಯನ್ನು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಬೇರೆ ದಿನ ಗೊತ್ತುಮಾಡಲಾಗುತ್ತದೆ. ಒಂದೇ ತರಗತಿಯ ಇಬ್ಬರು ಗೆಳೆಯರ ವಾರದ ವೇಳಾಪಟ್ಟಿಯು ಇದರಿಂದ ಬೇರೆಯಾಗುತ್ತದೆ. ದೂರದ ಊರಿನವರು ತಮ್ಮ ಬಸ್ಸಿನ ವೇಳೆಗೆ ಹೊಂದುವ ತಂಡವನ್ನು ಆರಂಭದಲ್ಲೇ ಕೋರಿಕೊಳ್ಳುವುದು ರೂಢಿಯಲ್ಲಿದೆ.

ನಾಲ್ಕು ಪಟ್ಟಣಗಳ ಸಂದರ್ಭ

ಬಾಗಲಕೋಟೆ: ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಪಟ್ಟಣದ ಭಾಗಗಳು ಮುಳುಗಡೆಯಾದ ಬಳಿಕ ನಗರವು ಹಳೆಯ ಊರು, ವಿದ್ಯಾಗಿರಿ ಮತ್ತು ನವನಗರಗಳಲ್ಲಿ ಹರಡಿಕೊಂಡಿದೆ. ಜಿಲ್ಲಾ ಕೇಂದ್ರವಾದ್ದರಿಂದ ಇಲ್ಲಿ ಕಾಲೇಜುಗಳು ಅಧಿಕವಾಗಿದ್ದು, ಒಂದರಲ್ಲಿ ದೊರೆಯದ ಸಂಯೋಜನೆಯನ್ನು ಇನ್ನೊಂದರಲ್ಲಿ ಹುಡುಕುವ ಅವಕಾಶವಿದೆ. ಉಳಿದ ಪಟ್ಟಣಗಳವರಿಗೆ ಈ ಅನುಕೂಲ ಕಡಿಮೆ.

ಬಾದಾಮಿ: ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಆರನೆಯ ಶತಮಾನದ ಗುಹಾಲಯಗಳಿವೆ. ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಕಪ್ಪೆ ಅರಭಟ್ಟನ ಶಾಸನವೂ ಇಲ್ಲಿಯದೇ. ಇದೇ ತಾಲೂಕಿನ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಾಸನಗಳ ಅಧ್ಯಯನಕ್ಕೆ ಇತಿಹಾಸದ ಜ್ಞಾನ ಮತ್ತು ಕನ್ನಡದ ಜ್ಞಾನ ಎರಡೂ ಅಗತ್ಯ. ಇತಿಹಾಸ ಮತ್ತು ಐಚ್ಛಿಕ ಕನ್ನಡಗಳನ್ನು ಸಮಾನಾಂತರವಾಗಿ ಇರಿಸುವ ವೇಳಾಪಟ್ಟಿಯು ಎಲ್ಲಿಯೇ ಇರಲಿ, ಇಂತಹ ಆಸಕ್ತಿಯುಳ್ಳ ವಿದ್ಯಾರ್ಥಿಗೆ ಎರಡರಲ್ಲಿ ಒಂದನ್ನು ಬಿಡುವ ಅನಿವಾರ್ಯತೆಯನ್ನು ತರುತ್ತದೆ. ಬಾದಾಮಿಯ ರೈಲು ನಿಲ್ದಾಣವು ಗದಗ–ವಿಜಯಪುರ ಮಾರ್ಗದಲ್ಲಿದ್ದು ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ರೈಲಿನಲ್ಲಿ ಬಾಗಲಕೋಟೆಗೆ ಓದಲು ಹೋಗುವವರು ಈ ದೂರದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಹುನಗುಂದ ಮತ್ತು ಇಳಕಲ್: ಇಳಕಲ್ ಹಿಂದೆ ಹುನಗುಂದ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿದೆ. ಎರಡೂ ಪಟ್ಟಣಗಳು ವಿಜಯಪುರ–ಹೊಸಪೇಟೆ ರಾಷ್ಟ್ರೀಯ ಹೆದ್ದಾರಿಯಲ್ಲಿವೆ. ರೈಲಿನ ಸೌಕರ್ಯವಿಲ್ಲ. ಪರಸ್ಪರ ಹತ್ತಿರವಿರುವ ಕಾರಣ ಒಂದು ಊರಿನ ವಿದ್ಯಾರ್ಥಿಗಳು ಇನ್ನೊಂದು ಊರಿನ ಕಾಲೇಜನ್ನು ಪರಿಶೀಲಿಸಬಹುದು. ಇಳಕಲ್ಲು ಸೀರೆಗೂ ಕೆಂಪು ಗ್ರಾನೈಟಿಗೂ ಹೆಸರಾಗಿದೆ. ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ನೇಕಾರ ಮನೆತನದ ವಿದ್ಯಾರ್ಥಿಗಳಿಗೆ ತರಗತಿಗಳ ನಡುವಿನ ಖಾಲಿ ತಾಸುಗಳು ವಿರಾಮವಾಗಿರದೆ ಮಗ್ಗದ ಕೆಲಸದ ನಷ್ಟವಾಗುವುದುಂಟು. ತರಗತಿಗಳು ಒಂದೇ ಹೊತ್ತಿನಲ್ಲಿ ಒತ್ತಾಗಿ ಮುಗಿಯುವ ವೇಳಾಪಟ್ಟಿಯು ದುಡಿಯುತ್ತ ಓದುವವರಿಗೆ ಅನುಕೂಲಕರ.

ಆಯ್ಕೆಯ ದೀರ್ಘಕಾಲಿಕ ಪರಿಣಾಮ

ಮೊದಲ ಸೆಮಿಸ್ಟರ್‌ನ ಆಯ್ಕೆಯು ಪದವಿಯ ನಂತರದ ದಾರಿಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಆ ವಿಷಯವನ್ನು ಪದವಿಯಲ್ಲಿ ಪ್ರಧಾನ ವಿಷಯವಾಗಿ ಓದಿರಬೇಕು. ಕಡ್ಡಾಯ ಭಾಷೆಯಾಗಿ ಕನ್ನಡ ಓದಿರುವುದಕ್ಕೂ ಐಚ್ಛಿಕ ವಿಷಯವಾಗಿ ಕನ್ನಡ ಓದಿರುವುದಕ್ಕೂ ಇಲ್ಲಿ ವ್ಯತ್ಯಾಸವಿದೆ. ಮುಕ್ತ ಐಚ್ಛಿಕವಾಗಿ ಒಂದೆರಡು ಪತ್ರಿಕೆ ಓದಿದ ಮಾತ್ರಕ್ಕೆ ಆ ವಿಷಯದ ಪದವೀಧರನೆಂದು ಪರಿಗಣಿಸಲಾಗುವುದಿಲ್ಲ.

ಶಿಕ್ಷಕ ವೃತ್ತಿಯನ್ನು ಬಯಸುವವರಿಗೆ ಸಂಯೋಜನೆಯು ಇನ್ನೂ ಮುಖ್ಯ. ಬಿ.ಎಡ್. ಪ್ರವೇಶಕ್ಕೆ ಪದವಿಯಲ್ಲಿ ಶೇಕಡಾ 50ರಷ್ಟು ಅಂಕಗಳು ಬೇಕು. ಮೀಸಲಾತಿಗೆ ಒಳಪಟ್ಟವರಿಗೆ ಸಡಿಲಿಕೆ ಇದೆ. ಬೋಧನಾ ವಿಷಯಗಳು ಪದವಿಯಲ್ಲಿ ಓದಿದ ವಿಷಯಗಳನ್ನು ಅವಲಂಬಿಸುತ್ತವೆ. ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಭೌತವಿಜ್ಞಾನ ಹುದ್ದೆಗಳನ್ನು ಪಿಸಿಎಂ ಎಂದೂ ಜೀವವಿಜ್ಞಾನ ಹುದ್ದೆಗಳನ್ನು ಸಿಬಿಝಡ್ ಎಂದೂ ವರ್ಗೀಕರಿಸುವ ಪದ್ಧತಿಯಿದೆ. ಎರಡು ಪ್ರಧಾನ ವಿಷಯಗಳ ಕ್ರಮದಲ್ಲಿ ಓದಿದವರಿಗೆ ಈ ಮೂರರಲ್ಲಿ ಒಂದು ವಿಷಯ ಪ್ರಧಾನವಾಗಿ ದೊರೆಯಲಿಲ್ಲ. ಅಂಥವರು ನೇಮಕಾತಿ ಅಧಿಸೂಚನೆಯ ಅರ್ಹತಾ ವಿವರವನ್ನು ಓದಿಯೇ ಅರ್ಜಿ ಸಲ್ಲಿಸುವುದು ಅವಶ್ಯ. ಆಡಳಿತ ಸೇವೆಯ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕಾಗುವುದರಿಂದ ಅಲ್ಲಿ ಸಂಯೋಜನೆಯ ನಿರ್ಬಂಧವಿಲ್ಲ.

ನೋಂದಣಿ ಮತ್ತು ಬದಲಾವಣೆ

2021–22ರಿಂದ ರಾಜ್ಯದ ಪದವಿ ವಿದ್ಯಾರ್ಥಿಗಳ ಪ್ರವೇಶ, ವಿಷಯ ನೋಂದಣಿ, ಪರೀಕ್ಷಾ ಅರ್ಜಿ ಮತ್ತು ಫಲಿತಾಂಶಗಳು ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದ ಮೂಲಕ ನಡೆಯುತ್ತಿವೆ. ಇದರಲ್ಲಿ ದಾಖಲಾದ ವಿಷಯವೇ ಅಧಿಕೃತ. ವಿದ್ಯಾರ್ಥಿಯು ಒಂದು ಪತ್ರಿಕೆಯ ತರಗತಿಗೆ ಹಾಜರಾಗುತ್ತ, ತಂತ್ರಾಂಶದಲ್ಲಿ ಇನ್ನೊಂದು ದಾಖಲಾಗಿದ್ದರೆ ಪ್ರವೇಶಪತ್ರದಲ್ಲಿ ಎರಡನೆಯದೇ ಮುದ್ರಿತವಾಗುತ್ತದೆ. ವಿಷಯ ಬದಲಾವಣೆಗೆ ಸೆಮಿಸ್ಟರ್‌ನ ಆರಂಭದಲ್ಲಿ ಪ್ರಾಂಶುಪಾಲರ ಅನುಮತಿಯೊಂದಿಗೆ ಅವಕಾಶವಿರುತ್ತದೆ. ವಿಶ್ವವಿದ್ಯಾಲಯದ ನೋಂದಣಿ ಮುಗಿದ ಮೇಲೆ ಅದು ಕಷ್ಟಸಾಧ್ಯ.

ಪರ್ಯಾಯ ಮಾರ್ಗಗಳು

ಕಾಲೇಜಿನಲ್ಲಿ ದೊರೆಯದ ಪತ್ರಿಕೆಗಳಿಗೆ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸ್ವಯಂ ಜಾಲತಾಣವು ಒಂದು ಮಾರ್ಗ. 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಪತ್ರಿಕೆಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ನೀಡಬಹುದು. ಇಲ್ಲಿ ಪಾಠಗಳಿಗೆ ನಿಗದಿತ ತಾಸುಗಳಿಲ್ಲವಾದ್ದರಿಂದ ವೇಳಾಪಟ್ಟಿಯ ಘರ್ಷಣೆ ಇರುವುದಿಲ್ಲ. ಆದರೆ ಪರೀಕ್ಷೆಯನ್ನು ನಿಗದಿತ ಕೇಂದ್ರದಲ್ಲಿ ಬರೆಯಬೇಕು ಮತ್ತು ಕ್ರೆಡಿಟ್ ವರ್ಗಾವಣೆಗೆ ತನ್ನ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡಲು 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಸ್ಥಾಪನೆಯಾಯಿತು. 2022ರಿಂದ ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲೂ ಆಯೋಗವು ಅನುಮತಿಸಿದೆ. ಎರಡೂ ನೇರ ತರಗತಿಯ ಪದವಿಗಳಾದರೆ ಅವುಗಳ ವೇಳೆಗಳು ಒಂದರ ಮೇಲೊಂದು ಬರಬಾರದು ಎಂಬುದು ಅದರ ಷರತ್ತು.

ವೃತ್ತಿಪರ ಶಿಕ್ಷಣದಲ್ಲಿ

ವೃತ್ತಿಪರ ಪದವಿಗಳಲ್ಲಿ ಆಯ್ಕೆಯು ಕೊನೆಯ ವರ್ಷಗಳಿಗೆ ಸರಿಯುತ್ತದೆ. 1963ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನ��ಗೆ ಒಳಪಟ್ಟ ಸ್ವಾಯತ್ತ ಕಾಲೇಜು. ಇಂಜಿನಿಯರಿಂಗ್ ಪದವಿಯಲ್ಲಿ ಮೊದಲ ಎರಡು ವರ್ಷಗಳ ಪತ್ರಿಕೆಗಳು ಬಹುತೇಕ ನಿಗದಿತವಾಗಿದ್ದು, ನಂತರದ ಸೆಮಿಸ್ಟರ್‌ಗಳಲ್ಲಿ ವೃತ್ತಿಪರ ಮತ್ತು ಮುಕ್ತ ಐಚ್ಛಿಕಗಳು ಬರುತ್ತವೆ. 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾರ್ಗಸೂಚಿಯ ಪಠ್ಯಕ್ರಮವಿದ್ದು, ಅಂತಿಮ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆ ಪ್ರಾಧಾನ್ಯವಿದೆ.

ಆಯ್ಕೆಗೆ ಮುನ್ನ ಪರಿಶೀಲಿಸಬಹುದಾದ ಅಂಶಗಳು

* ಪ್ರವೇಶಕ್ಕೆ ಮೊದಲೇ ಕಾಲೇಜಿನ ಹಿಂದಿನ ಸೆಮಿಸ್ಟರ್‌ನ ವೇಳಾಪಟ್ಟಿಯನ್ನು ನೋಡಿ, ಬೇಕಾದ ವಿಷಯಗಳು ಸಮಾನಾಂತರವಾಗಿ ಇವೆಯೇ ಎಂದು ತಿಳಿಯುವುದು.
* ವಿಷಯಕ್ಕೆ ಆ ವರ್ಷ ಬೋಧಕರು ಇದ್ದಾರೆಯೇ ಎಂದು ವಿಚಾರಿಸುವುದು.
* ಸ್ನಾತಕೋತ್ತರ, ಬಿ.ಎಡ್. ಅಥವಾ ಉದ್ಯೋಗದ ಅರ್ಹತೆಗೆ ಸಂಯೋಜನೆಯನ್ನು ಹೋಲಿಸಿ ನೋಡುವುದು.
* ಮೊದಲ ಮತ್ತು ಕೊನೆಯ ತಾಸುಗಳನ್ನು ಬಸ್ಸಿನ ವೇಳೆಯೊಂದಿಗೆ ಹೊಂದಿಸಿ ನೋಡುವುದು. ಮೂರು ತಾಸು ಅಥವಾ ಕಡಿಮೆ ತಾಸಿನ ಪತ್ರಿಕೆಗಳು ಎಲ್ಲಿ ಬರುತ್ತವೆಂದು ಗಮನಿಸುವುದು.
* ಯುಯುಸಿಎಂಎಸ್‌ನಲ್ಲಿ ದಾಖಲಾದ ವಿಷಯಗಳ ಪ್ರತಿಯನ್ನು ಇಟ್ಟುಕೊಳ್ಳುವುದು.
* ಒಂದೇ ಸಂಯೋಜನೆಯನ್ನು ಕೋರುವವರು ಹಲವರಿದ್ದರೆ ವೇಳಾಪಟ್ಟಿ ಅಂತಿಮಗೊಳ್ಳುವ ಮುನ್ನವೇ ಪ್ರಾಂಶುಪಾಲರಿಗೆ ಒಟ್ಟಾಗಿ ಲಿಖಿತ ಮನವಿ ಸಲ್ಲಿಸುವುದು. ಅಂತಿಮಗೊಂಡ ಬಳಿಕ ಒಂದು ತಾಸನ್ನು ಸರಿಸಿದರೂ ಹಲವು ತರಗತಿಗಳನ್ನು ಸರಿಸಬೇಕಾಗುತ್ತದೆ.

ಇವನ್ನೂ ನೋಡಿ

* ಬಾಗಲಕೋಟೆ ವಿಶ್ವವಿದ್ಯಾಲಯ
* ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ
* ಕರ್ನಾಟಕ ವಿಶ್ವವಿದ್ಯಾಲಯ
* ರಾಷ್ಟ್ರೀಯ ಶಿಕ್ಷಣ ನೀತಿ 2020
* ಬಾಗಲಕೋಟೆ ಜಿಲ್ಲೆ